ಉಗಿಯುಗದ ಸಾಕ್ಷಿ: ‘ಫೇರಿ ಕ್ವೀನ್’

ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ ಸಂಚರಿಸಿತು. ಆ ಆರಂಭಕಾಲದ ಉಗಿ ಎಂಜಿನುಗಳಲ್ಲಿ ಬಹುಪಾಲು ಕಾಲಾನಂತರ ಗುಜರಿಯ ಪಾಲಾದವು. ಅಳಿಯದೆ ಉಳಿದ ಕೆಲವೇ ಎಂಜಿನುಗಳಲ್ಲಿ ‘ಫೇರಿ ಕ್ವೀನ್’ ಅಗ್ರಗಣ್ಯವಾದುದು.

ಹುಟ್ಟು ಮತ್ತು ಸೇವೆ

ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಂಪ್ಸನ್ ಅಂಡ್ ಹ್ಯೂಯಿಟ್‌ಸನ್ ಕಾರ್ಖಾನೆಯಲ್ಲಿ 1855ರಲ್ಲಿ ನಿರ್ಮಾಣಗೊಂಡ ಈ ಎಂಜಿನು ಅದೇ ವರ್ಷ ಕಲ್ಕತ್ತೆಯನ್ನು ತಲುಪಿತು. ಈಸ್ಟ್ ಇಂಡಿಯನ್ ರೈಲ್ವೆ ಇದಕ್ಕೆ 22ನೆಯ ಸಂಖ್ಯೆಯನ್ನು ನೀಡಿತು. ಈಗಿನ ಹೆಸರು ದೊರೆತದ್ದು 1895ರಲ್ಲಿ. ಹೌರಾ ಮತ್ತು ರಾಣಿಗಂಜ್ ನಡುವೆ ಟಪಾಲು ಗಾಡಿಗಳನ್ನು ಎಳೆದ ಈ ಎಂಜಿನು 1857ರಲ್ಲಿ ಸೈನಿಕರ ಸಾಗಣೆಗೂ ಬಳಕೆಯಾಯಿತು. ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ವಿಜಯವಾಡ, ವಿಶಾಖಪಟ್ಟಣಗಳನ್ನು ಜೋಡಿಸಿದ ಪೂರ್ವ ಕರಾವಳಿಯ ಮಾರ್ಗ ಸಿದ್ಧವಾದದ್ದು 1890ರ ದಶಕದಲ್ಲಿ. ಇದರಿಂದ ಈ ಎಂಜಿನಿನ ಪ್ರಾಚೀನತೆಯನ್ನು ಊಹಿಸಬಹುದು.

ರಚನೆ

ಕುಲುಮೆಯ ಬಿಸಿ ಅನಿಲಗಳು ಕೊಳವೆಗಳ ಮೂಲಕ ಹರಿದು ಬಾಯ್ಲರಿನ ನೀರನ್ನು ಉಗಿಯಾಗಿಸುತ್ತವೆ. ಆ ಉಗಿ ಸಿಲಿಂಡರಿನೊಳಗಿನ ಕೊಂತವನ್ನು ತಳ್ಳುತ್ತದೆ; ಕೊಂತದ ಚಲನೆ ಸರಳುಗಳ ಮೂಲಕ ಚಕ್ರವನ್ನು ತಲುಪುತ್ತದೆ. ಕೆಲಸ ಮುಗಿಸಿದ ಉಗಿ ಹೊಗೆಕೊಳವೆಯಿಂದ ರಭಸವಾಗಿ ಹೊರಬೀಳುವಾಗ ಕುಲುಮೆಯೊಳಕ್ಕೆ ಹೊಸ ಗಾಳಿಯನ್ನು ಸೆಳೆಯುತ್ತದೆ. ಎಂಜಿನು ಹೆಚ್ಚು ದುಡಿದಷ್ಟೂ ಬೆಂಕಿ ಹೆಚ್ಚು ಉರಿಯುವುದಕ್ಕೆ ಇದೇ ಕಾರಣ.

ಸುಮಾರು 26 ಟನ್ ತೂಕದ ‘ಫೇರಿ ಕ್ವೀನ್’ ಎಂಜಿನಿಗೆ ಆರು ಚಕ್ರಗಳಿವೆ. ಅವುಗಳಲ್ಲಿ ನಡುವಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ ಉಗಿಯ ಬಲ ದೊರೆಯುತ್ತದೆ. ಒಂದೇ ಅಚ್ಚಿನ ಮೇಲೆ ಬೀಳುವ ಭಾರ ಕಡಿಮೆಯಾದ್ದರಿಂದ ಹೊರೆ ಹೆಚ್ಚಾದಾಗ ಚಕ್ರಗಳು ಹಳಿಯ ಮೇಲೆ ಜಾರುತ್ತವೆ. ಆದಕಾರಣ ಇದು ಹಗುರ ಗಾಡಿಗಳಿಗೆ ಮಾತ್ರ ತಕ್ಕುದಾಗಿತ್ತು.

ವಿಶ್ರಾಂತಿ ಮತ್ತು ಪುನರುಜ್ಜೀವನ

1909ರಲ್ಲಿ ನಿವೃತ್ತಿ ಹೊಂದಿದ ಎಂಜಿನು 1943ರವರೆಗೆ ಹೌರಾ ನಿಲ್ದಾಣದ ಹೊರಗೆ ಪೀಠವೊಂದರ ಮೇಲೆ ನಿಂತಿತ್ತು. ತರುವಾಯ ಅದನ್ನು ಉತ್ತರ ಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆಗೆ ಸಾಗಿಸಲಾಯಿತು. ದೆಹಲಿಯಲ್ಲಿ 1977ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ಅದಕ್ಕೆ ಗೌರವದ ಸ್ಥಾನ ದೊರೆಯಿತು. ಮದರಾಸಿನ ಪೆರಂಬೂರು ಕಾರ್ಯಾಗಾರದ ಕುಶಲಕರ್ಮಿಗಳು ಇದನ್ನು ದುರಸ್ತಿ ಮಾಡಿ, 88 ವರ್ಷಗಳ ಮೌನದ ನಂತರ 1997ರಲ್ಲಿ ಮತ್ತೆ ಓಡಿಸಿದರು. ನಿಯತವಾಗಿ ಓಡುತ್ತಿರುವ ವಿಶ್ವದ ಅತ್ಯಂತ ಹಳೆಯ ಉಗಿ ಎಂಜಿನೆಂದು 1998ರಲ್ಲಿ ಗಿನ್ನೆಸ್ ದಾಖಲೆ ಇದನ್ನು ಮಾನ್ಯಮಾಡಿತು.

ಸಂರಕ್ಷಣೆಯ ಹೊಣೆ

ಹಳೆಯ ಎಂಜಿನನ್ನು ನಿಲ್ಲಿಸಿ ತೋರಿಸುವುದು ಸುಲಭ. ಓಡಿಸಿ ಉಳಿಸುವುದು ಕಷ್ಟಸಾಧ್ಯ. ಓಡಿದಷ್ಟೂ ಭಾಗಗಳು ಸವೆಯುತ್ತವೆ. ಬಾಯ್ಲರಿನ ಒತ್ತಡವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುತ್ತಿರಬೇಕು. ಅಂಗಡಿಯಲ್ಲಿ ಸಿಗದ ಬಿಡಿಭಾಗಗಳನ್ನು ಅಚ್ಚು ತೆಗೆದು ಎರಕಹೊಯ್ದು ಹೊಸದಾಗಿ ಮಾಡಬೇಕು. ಹಾಗಿದ್ದೂ ಓಡಿಸುವುದರಿಂದ ಯಂತ್ರದೊಡನೆ ಅದನ್ನು ನಡೆಸುವ ವಿದ್ಯೆಯೂ ಉಳಿಯುತ್ತದೆ. ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಎಂಜಿನುಗಳ ನಿಯತ ಸಂಚಾರ 1995ರಲ್ಲಿ ಕೊನೆಗೊಂಡಿತು. ಬೆಂಕಿಯ ಹದವನ್ನು ಬಲ್ಲ ಚಾಲಕರೂ ಫೈರ್‌ಮನ್‌ಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಕೈಗಳಲ್ಲಿರುವ ಅರಿವನ್ನು ಯಾವ ಪೀಠವೂ ಕಾಪಾಡಲಾರದು.

2011ರಲ್ಲಿ ‘ಫೇರಿ ಕ್ವೀನ್’ ಎಂಜಿನಿನ ಅನೇಕ ಭಾಗಗಳು ಕಳುವಾದವು. ಒಂದೂವರೆ ಶತಮಾನದ ಬಿಸಿಲು ಮಳೆಗಳು ಮಾಡದ ಹಾನಿಯನ್ನು ಮನುಷ್ಯನ ದುರಾಸೆ ಮಾಡಿತು. ಪೆರಂಬೂರಿನಲ್ಲಿ ಮರಳಿ ದುರಸ್ತಿಗೊಂಡ ಎಂಜಿನು 2017ರ ಫೆಬ್ರವರಿಯಲ್ಲಿ ದೆಹಲಿಯಿಂದ ರೇವಾಡಿಗೆ ಓಡಿತು.

ಕರ್ನಾಟಕದಲ್ಲಿ 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವು ಉಗಿ ಎಂಜಿನುಗಳನ್ನೂ ಅರಮನೆಯ ವಿಶೇಷ ಬೋಗಿಗಳನ್ನೂ ಕಾಪಾಡಿಕೊಂಡು ಬಂದಿದೆ. ಅಲ್ಲಿಗೆ ಭೇಟಿ ನೀಡುವವರು ಯಂತ್ರಗಳ ಮೇಲೆ ಹೆಸರು ಕೆತ್ತದಿರುವುದು, ಬಿಡಿಭಾಗಗಳನ್ನು ಕೀಳದಿರುವುದು, ಮಕ್ಕಳಿಗೆ ಅವುಗಳ ಕೆಲಸವನ್ನು ವಿವರಿಸುವುದು ಅಲ್ಪ ಸೇವೆಯೇನಲ್ಲ. ಪರಂಪರೆಯ ರಕ್ಷಣೆ ಸರ್ಕಾರದ ಕರ್ತವ್ಯವಾಗಿರುವಂತೆಯೇ ಪ್ರತಿಯೊಬ್ಬ ನಾಗರಿಕನ ಹೊಣೆಯೂ ಆಗಿದೆ.