ಅಂತರ್ಜಾಲದಲ್ಲಿ ಮಾಹಿತಿ ಶೋಧನೆ: ಉತ್ತರ ನಂಬುವ ಮುನ್ನ ವಿಳಾಸ ಓದುವುದು

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ



ತೊಗರಿ ಬೆಳೆ ವಿಮೆಗೆ ಕೊನೆಯ ದಿನ ಯಾವುದು? ಈ ಅರ್ಜಿಗೆ ಹಣ ಕಟ್ಟಬೇಕೆ? ನಮ್ಮ ವಾರ್ಡಿನ ಚರಂಡಿ ಕಾಮಗಾರಿ ಈ ವರ್ಷದ ಯೋಜನೆಯಲ್ಲಿದೆಯೆ? ಗ್ರಾಮಸ್ಥರು ಪ್ರತಿದಿನ ತಮ್ಮ ಮುಂದಿಡುವ ಇಂತಹ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಅಂತರ್ಜಾಲದಲ್ಲಿ ದೊರೆಯುತ್ತದೆ. ಆದರೆ ಅದೇ ಸ್ಥಳದಲ್ಲಿ ಹಳೆಯ, ತಪ್ಪಾದ ಹಾಗೂ ವಂಚನೆಯ ಮಾಹಿತಿಯೂ ಇರುತ್ತದೆ. ಸದಸ್ಯರ ಮಾತನ್ನು ಊರು ನಂಬುತ್ತದೆ. ಆದುದರಿಂದ ಮಾಹಿತಿಯನ್ನು ಹುಡುಕುವುದರ ಜೊತೆಗೆ, ದೊರೆತದ್ದು ಯಾರ ಪುಟದಿಂದ, ಯಾವ ದಿನಾಂಕದ್ದು ಎಂಬುದನ್ನು ಪರಿಶೀಲಿಸುವುದನ್ನು ಕಲಿಸುವುದು ಈ ಪಾಠದ ಉದ್ದೇಶ.

1. ಮೂರು ಪದಗಳ ಪರಿಚಯ

ಜಗತ್ತಿನ ಕಂಪ್ಯೂಟರ್ ಹಾಗೂ ಮೊಬೈಲ್‌ಗಳನ್ನು ಪರಸ್ಪರ ಜೋಡಿಸಿರುವ ಜಾಲವೇ ಅಂತರ್ಜಾಲ. ಆ ಜಾಲದ ಮೇಲಿರುವ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ ಬ್ರೌಸರ್; ಕ್ರೋಮ್ ಮತ್ತು ಫೈರ್‌ಫಾಕ್ಸ್ ಇದಕ್ಕೆ ಉದಾಹರಣೆ. ನಾವು ಕೊಟ್ಟ ಪದಗಳಿಗೆ ಹೊಂದುವ ಪುಟಗಳನ್ನು ಪಟ್ಟಿ ಮಾಡಿಕೊಡುವ ಸೇವೆ ಶೋಧಕ. ಗೂಗಲ್ ಮತ್ತು ಬಿಂಗ್ ಇದಕ್ಕೆ ಉದಾಹರಣೆ. ಗ್ರಂಥಾಲಯದಲ್ಲಿ ಪುಸ್ತಕ ಎಲ್ಲಿದೆ ಎಂದು ತೋರಿಸಿದವರು ಆ ಪುಸ್ತಕದ ಲೇಖಕರಲ್ಲ. ಹಾಗೆಯೇ "ಗೂಗಲ್ ಹೇಳಿತು" ಎಂಬ ಮಾತು ಸರಿಯಲ್ಲ. ಹೇಳಿದ್ದು ಯಾವುದೋ ಒಂದು ಪುಟ, ಶೋಧಕವು ಅದನ್ನು ತೋರಿಸಿದೆ ಅಷ್ಟೆ.

2. ಪ್ರಶ್ನೆಯನ್ನು ಪದಗಳಾಗಿಸುವುದು

"ಕಮಲಾಪುರ" ಎಂದಷ್ಟೇ ಬರೆದು ಹುಡುಕಿದರೆ, ಹಂಪಿಯ ಸಮೀಪದ ಕಮಲಾಪುರದ ವಸ್ತುಸಂಗ್ರಹಾಲಯದ ಮಾಹಿತಿಯೂ ಬರುತ್ತದೆ. ಅದು ವಿಜಯನಗರ ಜಿಲ್ಲೆಯ ಊರು. "ಕಮಲಾಪುರ ಕಲಬುರಗಿ" ಎಂದು ಬರೆದರೆ ನಮ್ಮ ತಾಲ್ಲೂಕು ಬರುತ್ತದೆ. "ಕಮಲಾಪುರ ಕೆಂಪು ಬಾಳೆ ಭೌಗೋಳಿಕ ಸೂಚಿಕೆ" ಎಂದು ಬರೆದರೆ ನಮ್ಮ ಭಾಗದ ಬಾಳೆಗೆ ದೊರೆತ ಮಾನ್ಯತೆಯ ವಿವರಕ್ಕೇ ಹತ್ತಿರವಾಗುತ್ತೇವೆ. ಊರು, ಜಿಲ್ಲೆ, ವಿಷಯ, ವರ್ಷ ಈ ನಾಲ್ಕನ್ನು ಸೇರಿಸಿದಷ್ಟೂ ಫಲಿತಾಂಶ ನಿಖರವಾಗುತ್ತದೆ.

ನಮ್ಮ ಜಿಲ್ಲೆಯ ವಿಷಯದಲ್ಲಿ ಇನ್ನೊಂದು ಅಂಶ ಗಮನಾರ್ಹ. ಗುಲಬರ್ಗಾ ಎಂಬ ಹೆಸರು ಅಧಿಕೃತವಾಗಿ ಕಲಬುರಗಿ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ದಾಖಲೆಗಳು ಹಳೆಯ ಹೆಸರಿನಲ್ಲಿಯೇ ಇವೆ. ಕಮಲಾಪುರವೂ ಪ್ರತ್ಯೇಕ ತಾಲ್ಲೂಕಾಗುವ ಮೊದಲು ಕಲಬುರಗಿ ತಾಲ್ಲೂಕಿಗೆ ಸೇರಿತ್ತು. ಹಳೆಯ ಆದೇಶ ದೊರೆಯದಿದ್ದಾಗ ಅದು ಇಲ್ಲವೆಂದು ತೀರ್ಮಾನಿಸದೆ, ಹಳೆಯ ಹೆಸರಿನಿಂದಲೂ ಹಳೆಯ ತಾಲ್ಲೂಕಿನಿಂದಲೂ ಒಮ್ಮೆ ಹುಡುಕಬೇಕು.

ಬೆರಳಚ್ಚು ಕಷ್ಟವೆನಿಸುವವರು ಶೋಧ ಪೆಟ್ಟಿಗೆಯ ಪಕ್ಕದ ಮೈಕ್ ಚಿಹ್ನೆಯನ್ನು ಒತ್ತಿ ಕನ್ನಡದಲ್ಲಿಯೇ ಮಾತನಾಡಬಹುದು. ಸರ್ಕಾರಿ ಪುಟಗಳನ್ನು ಮಾತ್ರ ನೋಡಬೇಕಾದರೆ, ಹುಡುಕುವ ಪದಗಳ ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಸೈಟ್" ಎಂದು ಬರೆದು, ಅದಕ್ಕೆ ಅಂಟಿದಂತೆ ಜೋಡಿ ಚುಕ್ಕೆ (:) ಹಾಕಿ, ಮುಂದೆ ಜಾಗ ಬಿಡದೆ "ಗವ್ ಡಾಟ್ ಇನ್" ಎಂದು ಬರೆಯಬೇಕು. ಇಲ್ಲಿ "ಡಾಟ್" ಎಂದರೆ ಒಂದು ಚುಕ್ಕೆ.

3. ಫಲಿತಾಂಶಗಳ ಪಟ್ಟಿಯನ್ನು ಓದುವುದು

ಮೇಲೆ ಬಂದದ್ದೆಲ್ಲ ಮೇಲಾದದ್ದಲ್ಲ. "ಪ್ರಾಯೋಜಿತ" ಎಂಬ ಗುರುತಿರುವವು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ಈಚೆಗೆ ಪಟ್ಟಿಯ ಮೇಲ್ಭಾಗದಲ್ಲಿ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವೂ ಕಾಣುತ್ತದೆ. ಅದರಲ್ಲಿಯೂ ತಪ್ಪುಗಳಿರುವುದುಂಟು, ಅದನ್ನು ಸುಳಿವೆಂದು ಪರಿಗಣಿಸಿ ಮೂಲ ಪುಟವನ್ನು ತೆರೆದೇ ನೋಡಬೇಕು.

ದಿನಾಂಕವನ್ನು ತಪ್ಪದೆ ನೋಡಬೇಕು. ಬೆಳೆ ವಿಮೆಯ ಕೊನೆಯ ದಿನ ಹಂಗಾಮಿಗೆ ಹಾಗೂ ಬೆಳೆಗೆ ತಕ್ಕಂತೆ ಬದಲಾಗುತ್ತದೆ. ಕಳೆದ ವರ್ಷದ ಸುದ್ದಿಯನ್ನು ಓದಿ "ಇನ್ನೂ ಎಂಟು ದಿನ ಇದೆ" ಎಂದು ಹೇಳಿದರೆ, ಆ ಮಾತು ನಂಬಿದ ರೈತನು ವಿಮೆಯಿಂದಲೇ ವಂಚಿತನಾಗುತ್ತಾನೆ. ಇಂತಹ ವಿಷಯಕ್ಕೆ ರಾಜ್ಯದ "ಸಂರಕ್ಷಣೆ" ಪೋರ್ಟಲ್ ಅಥವಾ ರೈತ ಸಂಪರ್ಕ ಕೇಂದ್ರವೇ ಆಧಾರ.

4. ಜಾಲತಾಣದ ವಿಳಾಸವನ್ನು ಓದುವುದು

ಕಮಲಾಪುರ ಎಂದಷ್ಟೇ ಬರೆದ ಕಾಗದ ಯಾವ ಕಮಲಾಪುರಕ್ಕೆ ಸೇರಬೇಕೆಂದು ತಿಳಿಯುವುದು ಅದರ ಕೊನೆಯಲ್ಲಿರುವ ಜಿಲ್ಲೆಯ ಹೆಸರಿನಿಂದ. ಜಾಲತಾಣದ ವಿಳಾಸವೂ ಹೀಗೆಯೇ. ಆರಂಭದ ಜೋಡಿ ಓರೆಗೆರೆಯನ್ನು (//) ಬಿಟ್ಟು, ಮುಂದಿನ ಮೊದಲ ಓರೆಗೆರೆಯವರೆಗೆ (/) ಓದಿ, ಆ ಭಾಗದ ತುದಿಯನ್ನು ಗಮನಿಸಬೇಕು. ತುದಿಯಲ್ಲಿ "ಡಾಟ್ ಗವ್ ಡಾಟ್ ಇನ್" ಅಥವಾ "ಡಾಟ್ ಎನ್‌ಐಸಿ ಡಾಟ್ ಇನ್" ಇದ್ದರೆ ಅದು ಸರ್ಕಾರಿ ತಾಣ. "ಕರ್ನಾಟಕ ಡಾಟ್ ಗವ್ ಡಾಟ್ ಇನ್" ಎಂಬುದು ಸರ್ಕಾರದ್ದು. "ಕರ್ನಾಟಕ-ಗವ್-ಇನ್ ಡಾಟ್ ಕಾಮ್" ಎಂಬಂತಹ ವಿಳಾಸವನ್ನು ಯಾರು ಬೇಕಾದರೂ ಕೊಂಡುಕೊಳ್ಳಬಹುದು. ರಾಜ್ಯದ ಲಾಂಛನ, ಮುಖ್ಯಮಂತ್ರಿಗಳ ಭಾವಚಿತ್ರ ಇವು ಯಾವುವೂ ಪುರಾವೆಯಲ್ಲ. ಅವನ್ನು ನಕಲು ಮಾಡುವುದು ಸುಲಭ. ಬೀಗದ ಚಿಹ್ನೆಯೂ ಅಷ್ಟೆ. ನಡುವೆ ಬೇರೆಯವರು ಓದಲಾಗದು ಎಂದಷ್ಟೇ ಅದರ ಅರ್ಥ; ಆ ತುದಿಯಲ್ಲಿರುವವರು ಪ್ರಾಮಾಣಿಕರೆಂದು ಅರ್ಥವಲ್ಲ.

5. ಊರಿಗೆ ಹೇಳುವ ಮುನ್ನ

2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ ಅದು ಸಂಪೂರ್ಣ ಉಚಿತವೆಂದು ಸರ್ಕಾರ ಪ್ರಕಟಿಸಿತ್ತು. ಇಂತಹ ಸಂದರ್ಭದಲ್ಲಿ ಯಾರಾದರೂ ಮಹಿಳೆಯರಿಂದ ಹಣ ಕೇಳಿದರೆ, ಆ ಪ್ರಕಟಣೆಯನ್ನು ಮೊಬೈಲಿನಲ್ಲಿ ತೆರೆದು ತೋರಿಸಬಲ್ಲ ಸದಸ್ಯರು ಅಲ್ಲಿಯೇ ಅದನ್ನು ತಡೆಯಬಲ್ಲರು. ಸರಿಯಾದ ಶೋಧನೆಯ ಫಲ ಇದು.

ಇದಕ್ಕೆ ವಿರುದ್ಧವಾದದ್ದೂ ಇದೆ. ಯೋಜನೆಯ ಹೆಸರಿನಲ್ಲಿ ವಾಟ್ಸ್‌ಆಪ್‌ಗೆ ಬರುವ ಕೊಂಡಿ ಅಥವಾ "ಎಪಿಕೆ" ಕಡತವನ್ನು ಪರಿಶೀಲಿಸದೆ ಊರಿನ ಗುಂಪಿಗೆ ಕಳುಹಿಸಿದರೆ, ಅದನ್ನು ತೆರೆದವರ ಬ್ಯಾಂಕ್ ಖಾತೆಗೇ ಅಪಾಯ. ಶೋಧಕದಲ್ಲಿ ಕಂಡ ಯಾವುದೋ "ಸಹಾಯವಾಣಿ" ಸಂಖ್ಯೆಗೂ ಇದೇ ಎಚ್ಚರಿಕೆ ಅನ್ವಯ. ಸಂಖ್ಯೆಯನ್ನು ಇಲಾಖೆಯ ತಾಣದಿಂದ ಅಥವಾ ಪಾಸ್‌ಬುಕ್‌ನಿಂದಲೇ ಪಡೆಯಬೇಕು. ಒಟಿಪಿಯನ್ನು ಯಾರಿಗೂ ತಿಳಿಸಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

6. ಅಭ್ಯಾಸ

ಸ್ವಂತ ಮೊಬೈಲಿನಲ್ಲಿ ಅಥವಾ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಲ್ಲಿ ಸದಸ್ಯರು ಈ ಮೂರನ್ನು ಮಾಡಿ ನೋಡುವುದು.

ಅ) "ಕಮಲಾಪುರ" ಹಾಗೂ "ಕಮಲಾಪುರ ಕಲಬುರಗಿ" ಎಂದು ಬೇರೆ ಬೇರೆಯಾಗಿ ಹುಡುಕಿ, ಮೊದಲ ಐದು ಫಲಿತಾಂಶಗಳಲ್ಲಿ ಸರ್ಕಾರಿ ತಾಣಗಳೆಷ್ಟು ಎಂದು ಗುರುತಿಸುವುದು.

ಆ) ಈಚೆಗೆ ಬಂದ ಒಂದು ವಾಟ್ಸ್‌ಆಪ್ ಸಂದೇಶವನ್ನು ಆಯ್ದುಕೊಂಡು, ಅದರ ಮೂಲ ಆದೇಶ ಸರ್ಕಾರಿ ಪುಟದಲ್ಲಿ ಇದೆಯೇ ಎಂದು ಹುಡುಕುವುದು. ಇಲ್ಲದಿದ್ದರೆ ಮುಂದೆ ಕಳುಹಿಸದಿರುವುದು.

ಇ) "ಇ-ಗ್ರಾಮ್ ಸ್ವರಾಜ್" ತಾಣದಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯತಿಯನ್ನು ಆಯ್ದು, ತಮ್ಮ ಪಂಚಾಯತಿಯ ವಾರ್ಷಿಕ ಕ್ರಿಯಾ ಯೋಜನೆಯನ್ನು ತೆರೆಯುವುದು. ತಮ್ಮ ವಾರ್ಡಿನ ಒಂದು ಕಾಮಗಾರಿಯನ್ನು ಸ್ಥಳದಲ್ಲಿರುವ ಸ್ಥಿತಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸುವುದು.

ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಅರ್ಜಿ ಹಾಕದಿದ್ದರೂ ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 4(1)(ಬಿ) ವಿಧಿಸುತ್ತದೆ. ಹೀಗೆ ಪ್ರಕಟವಾದದ್ದನ್ನು ಹುಡುಕಿ ಓದುವುದು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಮೀಸಲಾದ ಕೆಲಸವಲ್ಲ. ಅದು ಸದಸ್ಯತ್ವದ ಕರ್ತವ್ಯವೇ ಆಗಿದೆ. ಮುಂದಿನ ಬಾರಿ ಊರಿನವರು ಪ್ರಶ್ನೆ ಕೇಳಿದಾಗ "ನೋಡಿ ಹೇಳುತ್ತೇನೆ" ಎನ್ನಲು ಸಂಕೋಚ ಬೇಡ. ನೋಡಿ, ವಿಳಾಸವನ್ನೂ ದಿನಾಂಕವನ್ನೂ ಓದಿ, ಆನಂತರ ಹೇಳಿ.