ಗೋಧಿ ಸಲ್ಲದ ಮಗುವಿನ ಬುತ್ತಿ

ಗೋಧಿಯ ರೊಟ್ಟಿಯೇ ಒಂದು ಮಗುವಿನ ಶರೀರವನ್ನು ಕ್ಷೀಣಗೊಳಿಸಬಲ್ಲದೆಂದು ಹೇಳಿದರೆ ನಮ್ಮ ಪೋಷಕರಲ್ಲಿ ಅನೇಕರು ನಂಬಲಾರರು. ಆದರೂ ಇದು ನಿಜವಾದ ಸಂಗತಿ. ಸೀಲಿಯಾಕ್ ಎಂಬ ರೋಗವುಳ್ಳವರು ಗೋಧಿಯನ್ನಾಗಲಿ ಬಾರ್ಲಿಯನ್ನಾಗಲಿ ತಿಂದರೆ, ಅವುಗಳಲ್ಲಿರುವ ಗ್ಲುಟನ್ ಎಂಬ ಅಂಟುಪದಾರ್ಥದ ದೆಸೆಯಿಂದ, ಶರೀರದ ರಕ್ಷಣಾಶಕ್ತಿಯು ತನ್ನ ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುವದು. ಆಹಾರದ ಸಾರವನ್ನು ಹೀರಿಕೊಳ್ಳುವ ಸೂಕ್ಷ್ಮವಾದ ಎಳೆಗಳು ಸವೆದುಹೋಗುವವು. ಆದಕಾರಣ ಮಗುವು ಹೊಟ್ಟೆ ತುಂಬ ಉಂಡರೂ ಬೆಳೆಯದು. ಕೆಲವರಲ್ಲಿ ಭೇದಿಯೂ ಹೊಟ್ಟೆಯುಬ್ಬರವೂ ಇರುವವು. ಕೆಲವರಲ್ಲಿ ರಕ್ತಹೀನತೆಯೊಂದೇ ಕಾಣುವದು. ಗೋಧಿಯ ಅಂಟಿನಿಂದ ಬರುವದಾದರೂ ಇದು ಅಂಟುರೋಗವಲ್ಲವೆಂಬದನ್ನು ನೆರೆಹೊರೆಯವರು ತಿಳಿದಿರತಕ್ಕದ್ದು. ಜೀವಮಾನಪರ್ಯಂತ ಗ್ಲುಟನನ್ನು ಬಿಡುವದೇ ಇದಕ್ಕೆ ಚಿಕಿತ್ಸೆ. ಆದರೆ ಸಂದೇಹ ಹುಟ್ಟಿದೊಡನೆ ಮನೆಯಲ್ಲಿಯೇ ಗೋಧಿಯನ್ನು ನಿಲ್ಲಿಸಬಾರದು; ನಿಲ್ಲಿಸಿದ ಬಳಿಕ ರಕ್ತಪರೀಕ್ಷೆಯೂ ಕರುಳಿನ ಪರೀಕ್ಷೆಯೂ ರೋಗವನ್ನು ತೋರಿಸದೆ ಹೋಗಬಹುದು. ಮೊದಲು ವೈದ್ಯರು, ಅನಂತರ ಪಥ್ಯ. ಮಗುವಿಗೆ ರೋಗವಿದೆಯೆಂದು ನಿಶ್ಚಯವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸುವದು ಯುಕ್ತ.

ಈ ಗ್ಲುಟನ್ ಎಂಬದನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಒಂದು ಹಿಡಿ ಮೈದಾಹಿಟ್ಟನ್ನು ಗಟ್ಟಿಯಾಗಿ ಕಲಸಿ, ಅರ್ಧ ತಾಸು ನೆನೆಯಿಟ್ಟು, ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹೋಗಿ ರಬ್ಬರಿನಂಥ ಒಂದು ಮುದ್ದೆ ಕೈಯಲ್ಲಿ ಉಳಿಯುವದು. ಅದೇ ಗ್ಲುಟನ್. ರಾಗಿಹಿಟ್ಟನ್ನೂ ಅಕ್ಕಿಹಿಟ್ಟನ್ನೂ ಹೀಗೆ ತೊಳೆದರೆ ಏನೂ ಉಳಿಯದು. ಚಪಾತಿಯು ಲಟ್ಟಣಿಗೆಗೆ ಒಗ್ಗುವದೂ ರಾಗಿರೊಟ್ಟಿಯನ್ನು ಕೈಯಿಂದಲೇ ತಟ್ಟಬೇಕಾಗಿರುವದೂ ಈ ಒಂದೇ ಕಾರಣದಿಂದ.

ರೋಗದ ಮೂಲವು ತಿಳಿದುಬಂದ ಬಗೆ ಸ್ವಾರಸ್ಯವಾದದ್ದು. ಹಾಲೆಂಡ್ ದೇಶದ ಮಕ್ಕಳ ವೈದ್ಯರಾದ ವಿಲ್ಲೆಂ ಡಿಕ್ಕೆ ಎಂಬವರಿಗೆ ಗೋಧಿಯ ಮೇಲೆ ಮೊದಲಿನಿಂದಲೂ ಸಂಶಯವಿತ್ತು. 1944-45ರ ಚಳಿಗಾಲದಲ್ಲಿ ಯುದ್ಧದ ನಿಮಿತ್ತ ಆ ದೇಶದಲ್ಲಿ ರೊಟ್ಟಿಯು ದುರ್ಲಭವಾಗಿ ಜನರು ಹಸಿವಿನಿಂದ ಸಾಯುತ್ತಿರಲಾಗಿ, ಈ ರೋಗವಿದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ರೊಟ್ಟಿ ತಿರಿಗಿ ಬಂದಾಗ ರೋಗವೂ ತಿರಿಗಿ ಬಂತು. 1950ರಲ್ಲಿ ಅವರು ಇದನ್ನು ಪ್ರೌಢಪ್ರಬಂಧವಾಗಿ ಪ್ರಕಟಿಸಿದರು. ಅದೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಅಭಾವವಾದದ್ದು ಅಕ್ಕಿಗೆ. ಆಗ ಮಾವಳ್ಳಿ ಟಿಫಿನ್ ರೂಮಿನವರು ಗೋಧಿರವೆಯಿಂದ ಇಡ್ಲಿ ಮಾಡಿದರೆಂದು ಹೇಳುವರು. ಇಡ್ಲಿಯೆಂಬ ಹೆಸರನ್ನು ಕೇಳಿ ನಿಶ್ಚಿಂತೆಯಾಗಿರುವ ತಾಯಂದಿರು ಈ ರವೆ ಇಡ್ಲಿಯನ್ನು ಮರೆಯದಿರಲಿ.

2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23ರಷ್ಟು ಜನರಲ್ಲಿಯೂ ದಕ್ಷಿಣದಲ್ಲಿ ನೂರಕ್ಕೆ 0.10ರಷ್ಟು ಜನರಲ್ಲಿಯೂ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡುಬಂದವು. ಈ ವ್ಯತ್ಯಾಸಕ್ಕೆ ಗೋಧಿಯ ಬಳಕೆಯೇ ಮುಖ್ಯ ಕಾರಣವಿರಬೇಕೆಂದು ಆ ವಿದ್ವಾಂಸರು ಊಹಿಸಿದರು. ಯಲಹಂಕದಲ್ಲಿ ವಾಯುಸೇನೆಯ ನೆಲೆಯಿದೆ. ಹೆಬ್ಬಾಳದ ಸುತ್ತಲೂ ಉತ್ತರದಿಂದ ಬಂದ ಕುಟುಂಬಗಳು ಬೇಕಾದಷ್ಟಿವೆ. ನಮ್ಮವರ ಮನೆಗಳಲ್ಲಿಯೂ ಚಪಾತಿ, ಬ್ರೆಡ್ಡು, ನೂಡಲ್ಸುಗಳು ನಿತ್ಯದ ಆಹಾರವಾಗಿವೆ. ಹೀಗಿರಲಾಗಿ ಇದು ಪರದೇಶದ ಕಾಯಿಲೆಯೆಂದು ಅಲಕ್ಷ್ಯ ಮಾಡುವದು ಸರಿಯಲ್ಲ.

ಇಷ್ಟಾದರೂ ಈ ಪಥ್ಯಕ್ಕೆ ನಮ್ಮ ಸೀಮೆಗಿಂತ ಅನುಕೂಲವಾದ ಸ್ಥಳ ವಿರಳವೆಂದೇ ನನ್ನ ಅಭಿಪ್ರಾಯ. ಮೈಸೂರು ಸಂಸ್ಥಾನದ ಕಾಲದಿಂದಲೂ ವ್ಯವಸಾಯದ ಪ್ರಯೋಗಗಳು ನಡೆದ ಹೆಬ್ಬಾಳದಲ್ಲಿ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಆರಂಭವಾಯಿತು. ಅದರ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ರಾಗಿಯ ವಿಷಯವಾಗಿ ಸಂಶೋಧನೆ ನಡೆಯುತ್ತಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿರುವದರಿಂದ, ಕರುಳು ಕೆಟ್ಟು ಎಲುಬು ಬಲಹೀನವಾದ ಮಗುವಿಗೆ ಇದು ಬಹು ಹಿತಕರವಾದದ್ದು. ಯಶವಂತಪುರದ ಯಾರ್ಡಿನಲ್ಲಿ ಅಕ್ಕಿ, ಜೋಳ, ಬೇಳೆಕಾಳುಗಳಿಗೆ ಕೊರತೆಯಿಲ್ಲ. ದುಬಾರಿಯಾದ ಗ್ಲುಟನ್‌ರಹಿತ ಬ್ರೆಡ್ಡನ್ನು ತರಿಸಿ ಸಾಲಮಾಡುವ ಅಗತ್ಯವೇ ಇಲ್ಲ.

ಬುತ್ತಿಯಲ್ಲಿರುವ ಕಷ್ಟವು ಬೇರೆ: ಬೆಳಿಗ್ಗೆ ಮೃದುವಾಗಿದ್ದ ರೊಟ್ಟಿಯು ಮಧ್ಯಾಹ್ನಕ್ಕೆ ಬಿರಿದು ಪುಡಿಯಾಗುವದು. ಇದಕ್ಕೆ ಉಪಾಯವುಂಟು. ಹಿಟ್ಟನ್ನು ತಣ್ಣೀರಿನಲ್ಲಿ ಕಲಸದೆ, ಕುದಿಯುವ ನೀರಿಗೆ ಹಾಕಿ ಉಕ್ಕರಿಸಿ, ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ಪಿಷ್ಟವು ಬೆಂದು ಗಂಜಿಯಂತಾಗಿ, ಇಲ್ಲದ ಗ್ಲುಟನಿನ ಕೆಲಸವನ್ನು ತಾನೇ ಮಾಡುವದು. ತುರಿದ ಸೋರೆಕಾಯಿಯನ್ನಾಗಲಿ ಬೆಂದ ಅನ್ನವನ್ನಾಗಲಿ ಕೂಡಿಸಿದರೆ ಇನ್ನೂ ಮೃದು. ಸಬ್ಬಸಿಗೆ ಸೊಪ್ಪು, ಈರುಳ್ಳಿ ಹಾಕಿದ ಅಕ್ಕಿರೊಟ್ಟಿಗೆ ಕಡಲೆಕಾಯಿ ಚಟ್ನಿಯನ್ನು ಬೇರೆ ಡಬ್ಬಿಯಲ್ಲಿ ಕಟ್ಟಿಕೊಡಿರಿ. ಅಕ್ಕಿ ಉದ್ದಿನ ಇಡ್ಲಿ, ದೋಸೆ, ಮನೆಯಲ್ಲಿ ಒತ್ತಿದ ಅಕ್ಕಿಶ್ಯಾವಿಗೆ, ನಿಂಬೆಹಣ್ಣಿನ ಚಿತ್ರಾನ್ನ, ಮೊಸರನ್ನ ಇವೆಲ್ಲ ಸಲ್ಲುವವು. ಅನ್ನವೊಂದನ್ನೇ ಕೊಟ್ಟು ತೃಪ್ತರಾಗಬೇಡಿರಿ. ಮೊಟ್ಟೆ, ಕಾಳಿನ ಉಸಲಿ, ಅವರೆಕಾಯಿಯ ಕಾಲದಲ್ಲಿ ಹಿತುಕಿದ ಬೇಳೆ, ಇವುಗಳಲ್ಲಿ ಒಂದಾದರೂ ಇರಲಿ. ಸಂಜೆಗೆ ಬಾಳೆಹಣ್ಣು, ಕಡಲೆಕಾಯಿ ಚಿಕ್ಕಿ.

ಎಚ್ಚರವಿರಬೇಕಾದದ್ದು ಕಾಣದ ಗೋಧಿಯ ವಿಷಯದಲ್ಲಿ. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುವದು. ಆ ಇಂಗು ಹಾಕಿದ ಸಾಂಬಾರುಪುಡಿಗೂ ಇದೇ ಮಾತು. ಕೋಡುಬಳೆ, ನಿಪ್ಪಟ್ಟುಗಳಿಗೆ ಮೈದಾ ಸೇರಿಸುವರು. ರಾಗಿಬಿಸ್ಕತ್ತು, ರಾಗಿಶ್ಯಾವಿಗೆ ಎಂಬ ಹೆಸರಿನ ಪೊಟ್ಟಣಗಳಲ್ಲಿಯೂ ಗೋಧಿ ಇರುವದುಂಟು. ಕಾಯಿಲೆಯ ಮಗುವಿಗೆ ಅಜ್ಜಿಯಂದಿರು ಪ್ರೀತಿಯಿಂದ ಕುಡಿಸುವ ಬಾರ್ಲಿಗಂಜಿಯೂ, ಬಾರ್ಲಿಯಿಂದ ಮಾಡಿದ ಮಾಲ್ಟ್ ಪಾನೀಯಗಳೂ ನಿಷಿದ್ಧ. ಹಿಟ್ಟಿನ ಗಿರಣಿಯ ಸಂಗತಿಯಂತೂ ಹೇಳತಕ್ಕದ್ದೇ: ಗೋಧಿಯನ್ನು ಬೀಸಿದ ಕಲ್ಲಿನಲ್ಲಿಯೇ ಮುಂದಿನ ಸರದಿಯ ರಾಗಿ ಬೀಸಿದರೆ ಆ ರಾಗಿಹಿಟ್ಟು ಕೆಟ್ಟಂತೆಯೇ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟನ್‌ರಹಿತವೆಂದು ಹೇಳುವ ಪದಾರ್ಥದಲ್ಲಿ ಒಂದು ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟನ್ ಇರಕೂಡದು. ಆದಕಾರಣ ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ, ಗೋಧಿ ಬೀಸದ ಗಿರಣಿಯಲ್ಲಿ ಅಥವಾ ಮನೆಯ ಯಂತ್ರದಲ್ಲಿ ಬೀಸಿಸಿರಿ. ಜರಡಿಯೂ ಹೆಂಚೂ ಬೇರೆಯಿರಲಿ; ಪೂರಿ ಕರಿದ ಎಣ್ಣೆಯಲ್ಲಿ ಮಗುವಿನ ಹಪ್ಪಳವನ್ನು ಕರಿಯಬೇಡಿರಿ.

ಶಾಲೆಯಲ್ಲಿ ಹೆಣ್ಣುಮಕ್ಕಳು ಡಬ್ಬಿಯನ್ನು ಹಂಚಿಕೊಂಡು ಉಣ್ಣುವದು ರೂಢಿ. ಒಳ್ಳೆಯ ರೂಢಿಯೇ, ಆದರೆ ಈ ಮಗುವಿಗೆ ಗೆಳತಿಯ ಒಂದು ತುಣುಕು ಚಪಾತಿಯೂ ಅಪಾಯ. ಒಬ್ಬ ಬಾಲಿಕೆಯು ತನ್ನ ರಾಗಿರೊಟ್ಟಿಯನ್ನು ಕಂಡು ಇತರರು ನಗುವರೆಂದು ಮುಚ್ಚಳದ ಮರೆಯಲ್ಲಿ ಉಣ್ಣುತ್ತಿದ್ದದ್ದನ್ನು ನಾನು ಬಲ್ಲೆನು. ರಾಗಿಯ ಸೀಮೆಯಲ್ಲಿ ರಾಗಿಗೆ ನಾಚಿಕೆ! ಪಥ್ಯದ ಮಗುವನ್ನು ಬೇರೆ ಮೂಲೆಗೆ ಕಳುಹಿಸದೆ ಪಂಕ್ತಿಯಲ್ಲಿಯೇ ಕುಳ್ಳಿರಿಸಿ, ಅವಳು ಇತರರದನ್ನು ಏಕೆ ತಿನ್ನಳೆಂಬದನ್ನು ತರಗತಿಗೆ ತಿಳಿಸಬೇಕು. ಹುಟ್ಟುಹಬ್ಬದ ಕೇಕು ಬರುವ ದಿನ ಉಪಾಧ್ಯಾಯಿನಿಯು ಮುಂಚಿತವಾಗಿ ಮನೆಗೆ ತಿಳಿಸಿದರೆ ತಾಯಿಯು ರಾಗಿಯುಂಡೆಗಳನ್ನು ಕಳುಹಿಸಬಹುದು, ಎಲ್ಲರಿಗೂ ಸಾಲುವಷ್ಟು.

ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ಸಂಗತಿಯುಂಟು. ಪ್ರಭುಭೋಜನದ ರೊಟ್ಟಿಯೂ ಸಾಮಾನ್ಯವಾಗಿ ಗೋಧಿಯದೇ. ರೋಮನ್ ಕಥೋಲಿಕ ಸಭೆಯ ನಿಯಮದಂತೆ ಪೂರ್ಣವಾಗಿ ಗ್ಲುಟನ್ ತೆಗೆದ ರೊಟ್ಟಿ ಆ ಸಂಸ್ಕಾರಕ್ಕೆ ಸಲ್ಲದು. ಅತ್ಯಲ್ಪ ಗ್ಲುಟನ್ ಉಳ್ಳ ರೊಟ್ಟಿಗೆ ಅಪ್ಪಣೆಯುಂಟು, ಅಥವಾ ದ್ರಾಕ್ಷಾರಸವನ್ನು ಮಾತ್ರ ಸ್ವೀಕರಿಸಬಹುದು. ಪ್ರಾಟೆಸ್ಟಂಟ್ ಸಭೆಗಳವರು ದೃಢೀಕರಣಕ್ಕೆ ಮುಂಚೆಯೇ ಸಭಾಪಾಲಕರೊಡನೆ ಮಾತನಾಡತಕ್ಕದ್ದು. ಅವರು ಒಪ್ಪಿದಲ್ಲಿ ಅಕ್ಕಿಹಿಟ್ಟಿನ ರೊಟ್ಟಿಯನ್ನು ಬೇರೆ ತಟ್ಟೆಯಲ್ಲಿ ಮುಚ್ಚಿಡಬೇಕು. ಇತರರು ರೊಟ್ಟಿಯನ್ನು ಅದ್ದಿದ ಪಾತ್ರೆಯಲ್ಲಿ ಪುಡಿ ಬಿದ್ದಿರುವದರಿಂದ ಈ ಮಗುವಿಗೆ ದ್ರಾಕ್ಷಾರಸವನ್ನು ಬೇರೆ ಬಟ್ಟಲಿನಲ್ಲಿ, ಎಲ್ಲರಿಗಿಂತ ಮೊದಲು ಕೊಡಬೇಕು.