ಊರಿನ ದನಿ ಊರಿಗೆ ಕೇಳಲಿ
(ಬೂದಿಕೋಟೆಯ ‘ನಮ್ಮ ಧ್ವನಿ’ ಕಲಿಸುವ ಪಾಠ)

ರೈತ ಬಾಂಧವರೇ,

ಹೊಸ ನೇಗಿಲು ಬಂದರೆ ನೀವು ಮೊದಲು ಏನು ಕೇಳುತ್ತೀರಿ? ‘ಇದು ನಮ್ಮ ಮಣ್ಣಿಗೆ ಒಗ್ಗುತ್ತದೆಯೇ?’ ಎಂದಲ್ಲವೇ? ಈಗ ನಮ್ಮ ಹಳ್ಳಿಗಳಿಗೆ ಮೊಬೈಲು ಬಂದಿದೆ. ಅದನ್ನು ಮಾತ್ರ ನಾವು ಹೀಗೆ ಪರೀಕ್ಷಿಸಿ ನೋಡಲಿಲ್ಲ. ದೆಹಲಿಯ ಮಾತು, ಬೊಂಬಾಯಿಯ ಹಾಡು ಅದರಲ್ಲಿ ಕೇಳುತ್ತದೆ. ಆದರೆ ಪಕ್ಕದ ಕೇರಿಯಲ್ಲಿ ಕುಡಿಯುವ ನೀರು ಬಾರದೆ ನಾಲ್ಕು ದಿನವಾದದ್ದು ನಮಗೆ ತಿಳಿಯುವುದಿಲ್ಲ. ಉಪಕರಣ ಒಳ್ಳೆಯದೇ. ಅದನ್ನು ಊರಿನ ಕೆಲಸಕ್ಕೆ ಹೂಡುವ ಬಗೆಯನ್ನು ನಾವು ಕಲಿಯಬೇಕು.

ಈ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲೇ ಅದು ನಡೆದಿದೆ.

ಬೂದಿಕೋಟೆಯಲ್ಲಿ ನಡೆದದ್ದು

ಹೈದರಾಲಿ ಹುಟ್ಟಿದ ಊರೆಂದು ಬೂದಿಕೋಟೆಗೆ ಹೆಸರು. ಇಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ಹೆಂಗಸರ ಸ್ವಸಹಾಯ ಸಂಘಗಳು ಬೆಳೆದಿದ್ದವು. 2001ರ ಸುಮಾರಿಗೆ ಬೆಂಗಳೂರಿನ ವಾಯ್ಸಸ್ ಸಂಸ್ಥೆ ಮತ್ತು ಯುನೆಸ್ಕೋ ಕೈಜೋಡಿಸಿದವು. ಊರಿನಲ್ಲೇ ಒಂದು ಚಿಕ್ಕ ಧ್ವನಿಮುದ್ರಣ ಕೇಂದ್ರ ಏರ್ಪಟ್ಟಿತು. ಅದಕ್ಕೆ ‘ನಮ್ಮ ಧ್ವನಿ’ ಎಂದು ಹೆಸರಿಟ್ಟರು. ಸಂಘದ ಹೆಂಗಸರೂ ಊರಿನ ಯುವಕ ಯುವತಿಯರೂ ಧ್ವನಿ ಮುದ್ರಿಸುವುದನ್ನು ಕಲಿತರು.

ಆಗ ಒಂದು ತೊಡಕಿತ್ತು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಹಳ್ಳಿಯವರು ಬಾನುಲಿ ಕೇಂದ್ರ ನಡೆಸಲು ಪರವಾನಗಿ ದೊರೆಯುತ್ತಿರಲಿಲ್ಲ. 2002ರ ಕೊನೆಯಲ್ಲಿ ಸರ್ಕಾರ ಸಮುದಾಯ ಬಾನುಲಿಗೆ ಅವಕಾಶ ಕೊಟ್ಟದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ.

ಬೂದಿಕೋಟೆಯವರು ಅದಕ್ಕಾಗಿ ಕಾದು ಕೂರಲಿಲ್ಲ. ಮುದ್ರಿಸಿದ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲೂ ಸಂತೆಯಲ್ಲೂ ಕೇಳಿಸಿದರು. ಬಳಿಕ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕಾರ್ಯಕ್ರಮ ಕಳುಹಿಸಿದರು. ಜನ ತಮ್ಮ ಟೀವಿ ಪೆಟ್ಟಿಗೆಯಲ್ಲೇ ತಮ್ಮ ಊರಿನ ಮಾತು ಕೇಳಿದರು. 2006ರ ನವೆಂಬರಿನಲ್ಲಿ ಸರ್ಕಾರ ನಿಯಮ ಸಡಿಲಿಸಿ, ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಸಮುದಾಯ ಬಾನುಲಿಯ ಅವಕಾಶ ಕೊಟ್ಟಿತು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯ ಜನರು ಸೇರಿ ತಯಾರಿಸಿದ್ದಾಗಿರಬೇಕೆಂದೂ ಆ ನಿಯಮ ಹೇಳಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಬೂದಿಕೋಟೆಯಲ್ಲಿ ಯಂತ್ರ ಬರುವುದಕ್ಕೆ ಮೊದಲೇ ಸಂಘವಿತ್ತು. ವಾರವಾರ ಕೂತು ಉಳಿತಾಯ ಮಾಡಿ, ಲೆಕ್ಕ ನೋಡಿ, ಮಾತಾಡಿ ಅಭ್ಯಾಸವಾದ ಹೆಂಗಸರಿದ್ದರು. ಆದುದರಿಂದಲೇ ಯಂತ್ರ ಬಂದಾಗ ಅದಕ್ಕೆ ಕೆಲಸ ಸಿಕ್ಕಿತು.

ಹಿಂದಿನ ಒಂದು ಅನುಭವ

ಇದೇ ಮಾತನ್ನು 1956ರ ಇನ್ನೊಂದು ಪ್ರಯೋಗವೂ ಹೇಳುತ್ತದೆ. ಆಗ ಆಕಾಶವಾಣಿಯವರು ಯುನೆಸ್ಕೋ ನೆರವಿನಿಂದ ಪುಣೆ ಸುತ್ತಿನ 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ಏರ್ಪಡಿಸಿದ್ದರು. ಒಂದೊಂದು ಕೂಟದಲ್ಲಿ ಸುಮಾರು 20 ಜನ. ವಾರಕ್ಕೆ ಎರಡು ಸಲ ಸೇರಿ ಅರ್ಧ ಗಂಟೆ ಕಾರ್ಯಕ್ರಮ ಕೇಳುವುದು, ಬಳಿಕ ಅದನ್ನು ಚರ್ಚಿಸುವುದು. ಉಳಿದ ಸಂದೇಹಗಳನ್ನು ರೇಡಿಯೋ ಕೇಂದ್ರಕ್ಕೆ ಬರೆದು ಕಳುಹಿಸಿದರೆ ಮುಂದೆ ಅಲ್ಲಿಂದ ಉತ್ತರ ಬರುತ್ತಿತ್ತು. ಬಳಿಕ ಪರೀಕ್ಷಿಸಿ ನೋಡಿದಾಗ, ಕೂಟ ನಡೆದ ಹಳ್ಳಿಗಳವರು ಬಹಳ ಹೆಚ್ಚು ತಿಳಿದುಕೊಂಡಿದ್ದರು. ಬರಿಯ ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳಲ್ಲಿ ಅಷ್ಟು ಲಾಭ ಕಾಣಲಿಲ್ಲ. ಕೇಳುವುದು ಬಿತ್ತನೆಯಿದ್ದಂತೆ. ಕೂಡಿ ಚರ್ಚಿಸುವುದೇ ಅದಕ್ಕೆ ನೀರು.

ನೀವು ಮಾಡಬಹುದಾದದ್ದು

1. ಮೊದಲು ಕೂಟ ಕಟ್ಟಿರಿ. ಹತ್ತರಿಂದ ಇಪ್ಪತ್ತು ಜನ ಸಾಕು. ಎಲ್ಲ ಕೇರಿಗಳವರೂ ಇರಲಿ. ಹೆಂಗಸರಿಗೂ ಕೂಲಿ ಮಾಡುವವರಿಗೂ ಬಿಡುವಾಗುವ ಹೊತ್ತನ್ನೇ ಗೊತ್ತುಮಾಡಿರಿ.

2. ಒಂದು ಸಲಕ್ಕೆ ಒಂದೇ ವಿಷಯ ತೆಗೆದುಕೊಳ್ಳಿರಿ. ಕೆರೆಯ ಹೂಳು, ರಾಗಿ ಬೀಜ, ಟೊಮೇಟೋ ಬೆಲೆ, ರೇಷ್ಮೆಹುಳುವಿನ ರೋಗ, ಹೀಗೆ ನಿಮ್ಮ ಊರಿಗೆ ಬೇಕಾದದ್ದು.

3. ಮೊಬೈಲಿನಲ್ಲಿ ಮಾತನ್ನು ಮುದ್ರಿಸಿರಿ. ಗಾಳಿ, ಗದ್ದಲ ಇಲ್ಲದ ಕಡೆ ಕೂರಿರಿ. ನಡುವೆ ಕರೆ ಬಾರದಂತೆ ಮಾಡಿ, ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮೊದಲು ಊರು, ತಾರೀಖು, ಮಾತಾಡುವವರ ಹೆಸರು ಹೇಳಿಸಿರಿ. ಐದು ನಿಮಿಷಕ್ಕೆ ಮೀರದಿರಲಿ.

4. ಮುದ್ರಿಸಿದ್ದನ್ನು ಹತ್ತು ಜನರ ನಡುವೆ ಕೇಳಿಸಿರಿ. ಹಾಲು ಹಾಕಲು ಜನ ಸೇರುವ ಡೇರಿ, ಅರಳಿಕಟ್ಟೆ, ಸಂಘದ ಸಭೆ ಇದಕ್ಕೆ ಒಳ್ಳೆಯ ತಾಣ. ಒಬ್ಬೊಬ್ಬರೇ ಮೂಲೆಯಲ್ಲಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

5. ಯಾರು, ಯಾವ ಕೆಲಸವನ್ನು, ಎಷ್ಟು ದಿನದೊಳಗೆ ಮಾಡುವರೆಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಅದನ್ನು ಓದಿ ವಿಚಾರಿಸಿರಿ. ನೀರಿನಂಥ ವಿಷಯವಾದರೆ ಗ್ರಾಮಸಭೆಯಲ್ಲಿ ಆ ಮಾತನ್ನೇ ಕೇಳಿಸಿ, ಬರಹದಲ್ಲಿ ಅರ್ಜಿಯನ್ನೂ ಕೊಡಿರಿ.

ಹಾಡು, ಕಥೆ, ನುಡಿ

ಬೇಸಾಯದ ಮಾತಿನಷ್ಟೇ ಊರಿನ ಹಾಡೂ ಮುಖ್ಯ. ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳು. ಬೀಸುವ ಕಲ್ಲಿನ ಹಾಡು, ಸೋಬಾನೆ, ಕೋಲಾಟದ ಪದ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದರ ಹಾಡು ಮಾತ್ರ ಅಜ್ಜಿಯ ನೆನಪಿನಲ್ಲಿದೆ. ಅಜ್ಜಿ ಹೋದರೆ ಹಾಡೂ ಹೋದಂತೆಯೇ. ಈ ಸುಗ್ಗಿಯೊಳಗೆ ನಿಮ್ಮ ಊರಿನ ಐದು ಹಾಡುಗಳನ್ನಾದರೂ ಮುದ್ರಿಸಿಡಿರಿ. ಹಾಡಿದವರ ಒಪ್ಪಿಗೆ ಪಡೆಯಿರಿ, ಅವರ ಹೆಸರನ್ನು ಮರೆಯದೆ ಸೇರಿಸಿರಿ. ಎರಡು ಪ್ರತಿ ಮಾಡಿ ಒಂದನ್ನು ಶಾಲೆಯಲ್ಲಿ ಇರಿಸಿರಿ. ಮೊಬೈಲು ಕೆಟ್ಟರೂ ಹಾಡು ಉಳಿಯುತ್ತದೆ.

ಎಚ್ಚರ

ಮೊಬೈಲಿನಲ್ಲಿ ಬರುವುದೆಲ್ಲ ನಿಜವಲ್ಲ. ಬೀಜ, ಔಷಧಿ, ಸಾಲದ ವಿಷಯ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸದೆ ಮುಂದಕ್ಕೆ ಕಳುಹಿಸಬೇಡಿರಿ. ಯಾರ ಮನೆಯ ಜಗಳವನ್ನೂ ಮುದ್ರಿಸಬೇಡಿರಿ. ಉಪಕರಣ ಒಬ್ಬನ ಕೈಯಲ್ಲೇ ಉಳಿಯದೆ ಸರದಿಯಂತೆ ತಿರುಗಲಿ. ಮೊಬೈಲು ಹಿಡಿದವನ ಮಾತೇ ಊರಿನ ಮಾತಾಗಿಬಿಟ್ಟರೆ, ಹಳೆಯ ಕಾಲದ ಚಾವಡಿಗೂ ಇದಕ್ಕೂ ಏನು ಭೇದ?

ನಿಮ್ಮ ಕೂಟದಲ್ಲಿ ಚರ್ಚಿಸಲು

ಅ) ನಮ್ಮ ಊರಿನ ಸಭೆಗಳಲ್ಲಿ ಇದುವರೆಗೆ ಮಾತಾಡದವರು ಯಾರು? ಅವರ ಬಳಿಗೆ ಮೊದಲು ಹೋಗುವವರು ಯಾರು?
ಆ) ಈ ತಿಂಗಳು ಎಲ್ಲರೂ ಕೂಡಿ ಕೇಳಬೇಕಾದ ಒಂದು ವಿಷಯ ಯಾವುದು?
ಇ) ಯಾವ ಅಜ್ಜಿಯ ಹಾಡನ್ನು ಮೊದಲು ಉಳಿಸಬೇಕು?

ಬಾಂಧವರೇ, ಬೂದಿಕೋಟೆಯವರು ಪರವಾನಗಿ ಇಲ್ಲದ ದಿನಗಳಲ್ಲಿ ಕ್ಯಾಸೆಟ್ಟು ಹಿಡಿದು ಸಂತೆಗೆ ಹೋದರು. ನಿಮ್ಮ ಕೈಯಲ್ಲಿ ಇಂದು ಅದಕ್ಕಿಂತ ಒಳ್ಳೆಯ ಉಪಕರಣವಿದೆ. ಈ ವಾರವೇ ಕೂಟ ಸೇರಿಸಿರಿ.